ಶರಣಸತಿ: ಅಂದವರು ಯಾರು, ಅನ್ನುತ್ತಿರುವವರು ಯಾರು?



ನಾನು 31 ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಊರು ಮೋಟೆಬೆನ್ನೂರು. ಈ ಊರಿನ ಎರಡು ತಲೆಮಾರಿನ ಮಕ್ಕಳಿಗೆ ವಚನಗಳನ್ನು ಬಾಯಿಪಾಠ ಮಾಡಿಸಿದ್ದೇನೆ. ಆದರೆ ವಚನದ ಅರ್ಥವನ್ನು ಬಾಯಿಬಿಟ್ಟು ಹೇಳಲೇಬೇಕಾದ ಒಂದು ಹೊತ್ತು ಬಂದಾಗ ಸುಮ್ಮನೆ ಕುಳಿತೆ. ಈ ಬರಹ ಹುಟ್ಟಿದ್ದು ಆ ತಪ್ಪಿನಿಂದ.

ಹೋದ ವರ್ಷ ಮೆಣಸಿನಕಾಯಿ ಸುಗ್ಗಿಯ ದಿನಗಳು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದವಳು. ಬೆರಳು ಉರಿಯುವ ಆ ಕೆಲಸದ ರೊಕ್ಕ ಅವಳ ಕೈಯಲ್ಲಿ ಒಂದು ರಾತ್ರಿಯೂ ಉಳಿಯುತ್ತಿರಲಿಲ್ಲ. ಕೇಳಿದರೆ ಗಂಡ ಕೈ ಎತ್ತುತ್ತಿದ್ದ. ಎರಡೂ ಕಡೆಯ ಹಿರಿಯರು ಪಡಸಾಲೆಯಲ್ಲಿ ಕೂಡಿದರು. ಅಕ್ಕೋರು ಇರಲಿ ಎಂದು ನನ್ನನ್ನೂ ಕರೆದರು.

ಹುಡುಗಿ ಬಾಗಿಲ ಮರೆಯಿಂದ ಹೇಳಿದ್ದು ಇಷ್ಟೇ: "ನಾ ಹೋಗೂದಿಲ್ಲ ಅನ್ನಂಗಿಲ್ರಿ. ನನ್ನ ಕೂಲಿ ರೊಕ್ಕ ನನ್ನ ಕೈಯಾಗ ಇರಬೇಕು. ಮೈಮ್ಯಾಲ ಕೈ ಮಾಡಬಾರದು. ಎರಡ ಮಾತು."

ಆಗ ಹಿರಿಯರೊಬ್ಬರು, ಮಠಕ್ಕೆ ನಡೆದುಕೊಳ್ಳುವವರು, ದಿನಾ ವಿಭೂತಿ ಹಚ್ಚದೆ ಹೊರಗೆ ಬೀಳದವರು, ಸಮಾಧಾನದ ದನಿಯಲ್ಲಿ ಅಂದರು: "ನೋಡವಾ ತಂಗಿ, ನಾವು ಲಿಂಗ ಕಟ್ಟಿದ ಮಂದಿ. ಶರಣಸತಿ ಲಿಂಗಪತಿ ಅಂತ ನಮ್ಮ ಶರಣರು ಹೇಳಿ ಹೋಗ್ಯಾರ. ಗಂಡನ್ನ ಲಿಂಗ ಅಂತ ತಿಳಕೊಂಡು ಬಾಳೇ ಮಾಡಬೇಕು. ಹೌದಲ್ರಿ ಅಕ್ಕೋರ? ನೀವ ಕಲಿಸಿದವರು."

ಎಲ್ಲರೂ ನನ್ನ ಕಡೆ ನೋಡಿದರು. ಹುಡುಗಿಯೂ ನೋಡಿದಳು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಸುಮ್ಮನಿದ್ದುದನ್ನು ಅವರು ಹೌದು ಎಂದೇ ಎಣಿಸಿಕೊಂಡರು. ಮರುದಿನ ಹುಡುಗಿ ಗಂಡನ ಮನೆಗೆ ಹೋದಳು. ಅವಳ ಎರಡು ಮಾತಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಆ ಪಡಸಾಲೆಯಲ್ಲಿ ಹೇಳಬೇಕಿದ್ದುದನ್ನು ಈಗ ಹೇಳುತ್ತೇನೆ. ಗಂಡನನ್ನು ಲಿಂಗವೆಂದು ತಿಳಿಯಬೇಕು ಎಂದು ಹೆಣ್ಣಿಗೆ ಬೋಧಿಸಲು ಶರಣಸತಿ ಲಿಂಗಪತಿ ಎಂಬ ಮಾತನ್ನು ಬಳಸುವುದು ವಚನಕ್ಕೆ ಮಾಡುವ ಅಪಚಾರ. ಶರಣರು ಈ ಮಾತಿಗೆ ಇಟ್ಟ ಅರ್ಥ ಇದಕ್ಕೆ ನೇರ ವಿರುದ್ಧವಾದುದು.

ಮೊದಲು ಸಾದಾ ಲೆಕ್ಕ ಹಾಕೋಣ. ಲಿಂಗ ಪತಿಯಾದರೆ ಲಿಂಗ ಕಟ್ಟಿದವರೆಲ್ಲರೂ ಸತಿಯರು. ಹೆಂಡತಿಯೂ ಸತಿ, ಗಂಡನೂ ಸತಿ. ಅಂದು ಬುದ್ಧಿ ಹೇಳಿದ ಹಿರಿಯರೂ ಸತಿಯೇ. ಮನೆಯಲ್ಲಿ ಇಬ್ಬರು ಸತಿಯರು ಇದ್ದಾರೆ ಎಂದ ಮೇಲೆ ಅವರಲ್ಲಿ ಒಬ್ಬರು ಎದ್ದು ಪತಿಯ ಗದ್ದುಗೆಯ ಮೇಲೆ ಕೂಡ್ರುವುದು ಹೇಗೆ? ಆ ಗದ್ದುಗೆ ಖಾಲಿ ಇಲ್ಲ. ಅಲ್ಲಿ ಲಿಂಗ ಕುಳಿತಿದೆ. ಗಂಡನೇ ಲಿಂಗ ಎಂದವನು ಲಿಂಗವನ್ನು ಎಬ್ಬಿಸಿ ತಾನು ಕುಳಿತಂತಾಯಿತು. ಸ್ಥಾವರ ಪೂಜೆಯನ್ನೇ ಒಪ್ಪದ ನಾವು ಮನುಷ್ಯನನ್ನು ಲಿಂಗ ಮಾಡುವುದನ್ನು ಹೇಗೆ ಒಪ್ಪಿದೆವು?

ಎರಡನೆಯದು, ಈ ಮಾತನ್ನು ಯಾರು ಆಡಿದರು ಎಂಬುದು. ಗಜೇಶ ಮಸಣಯ್ಯನವರ ವಚನಗಳನ್ನು ತೆರೆದು ನೋಡಿರಿ. ಬರೆದವರು ಗಂಡಸು; ವಚನದೊಳಗೆ ಮಾತಾಡುವವಳು ಹೆಣ್ಣು. ಉರಿಲಿಂಗದೇವರಲ್ಲಿಯೂ ಹಾಗೆಯೇ, ನಲ್ಲನಿಗಾಗಿ ಕಾತರಿಸುವ ಹೆಣ್ಣಿನ ದನಿ. ಬಸವಣ್ಣನವರು ಒಂದು ವಚನದಲ್ಲಿ ತಾವು ತೊಟ್ಟ ಗಂಡಸಿನ ವೇಷವೂ ಸಂಗಮನಾಥನಿಗಾಗಿಯೇ, ಒಮ್ಮೆ ಗಂಡಾಗಿ ಒಮ್ಮೆ ಹೆಣ್ಣಾಗಿ ಇರುತ್ತೇನೆ, ಅವನ ಪರವಾಗಿ ಕಾದಾಡುತ್ತೇನೆ, ಅವನ ಭಕ್ತರಿಗೆ ಮದುವಣಗಿತ್ತಿಯಾಗುತ್ತೇನೆ ಎಂಬ ಅರ್ಥದಲ್ಲಿ ಮಾತಾಡುತ್ತಾರೆ. ಇದನ್ನು ಹೇಳಿದವರು ಬಿಜ್ಜಳನ ಭಂಡಾರ ನೋಡಿಕೊಂಡವರು, ಕೈಯಲ್ಲಿ ಅಧಿಕಾರ ಇದ್ದವರು. ಅಂಥವರು ಅಧಿಕಾರವಿಲ್ಲದವಳ ದನಿಯನ್ನು ತಮ್ಮ ಬಾಯಿಗೆ ತಂದುಕೊಂಡರು. ಗಂಡಸು ಎಂಬ ಅಹಂಕಾರವನ್ನು ಕಳಚಿ ಇಡಲು ಅವರಿಗೆ ಸಿಕ್ಕ ದಾರಿ ಅದು.

ಬಸವಣ್ಣನವರು ಜಾತಿಯ ವಿಷಯದಲ್ಲಿಯೂ ಇದನ್ನೇ ಮಾಡಿದರು. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರು ತಮ್ಮನ್ನು ಮಾದಾರ ಚೆನ್ನಯ್ಯನವರ, ಡೋಹರ ಕಕ್ಕಯ್ಯನವರ ಮನೆಯ ಆಳುಮಕ್ಕಳ ಮಗನೆಂದು ಕರೆದುಕೊಂಡರು. ಈ ವಚನವನ್ನು ಹಿಡಿದು ಯಾರಾದರೂ ದಲಿತ ಬಂಧುವಿಗೆ, "ಬಸವಣ್ಣನೇ ಆಳಿನ ಮಗ ಅಂದುಕೊಂಡ, ಆದ್ದರಿಂದ ನೀನು ಆಳಾಗಿಯೇ ಇರು" ಎಂದರೆ ನಾವು ಸಹಿಸುತ್ತೇವೆಯೇ? ಪತ್ರಿಕೆಗಳಿಗೆ ಖಂಡನೆ ಬರೆಯುತ್ತೇವೆ, ಮಠದ ಮುಂದೆ ಸಭೆ ಕೂಡಿಸುತ್ತೇವೆ. ಹೆಣ್ಣಿನ ವಿಷಯದಲ್ಲಿ ಇಂಥದೇ ವ್ಯಾಖ್ಯಾನ ಮದುವೆಯ ಚಪ್ಪರದಲ್ಲಿ ಮೈಕಿನೊಳಗೆ ಕೇಳಿಬಂದರೆ ಅಕ್ಕಿಕಾಳು ಹಾಕಿ, ಉಂಡು, ಎಲೆಅಡಿಕೆ ಹಾಕಿಕೊಂಡು ಮನೆಗೆ ಬರುತ್ತೇವೆ.

ಗಂಡಸು ಹೆಣ್ಣಾಗಿ ಹಾಡುವುದು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ತಮಿಳಿನ ನಮ್ಮಾಳ್ವಾರರೂ ವಿಷ್ಣುವಿಗಾಗಿ ಹಂಬಲಿಸುವ ಹೆಣ್ಣಾಗಿ ಹಾಡಿದ್ದಾರೆ. ಅದೇ ಪರಂಪರೆಯಲ್ಲಿ ಆಂಡಾಳ್ ತನ್ನ ದನಿಯಲ್ಲಿಯೇ ಹಾಡಿದಳು. ಕಲ್ಯಾಣದಲ್ಲಿ ಹೀಗೆ ತಮ್ಮ ದನಿಯಲ್ಲಿಯೇ ಮಾತಾಡಿದ ಹೆಣ್ಣುಮಕ್ಕಳು ಒಬ್ಬಿಬ್ಬರಲ್ಲ, 30ಕ್ಕೂ ಹೆಚ್ಚು ಶರಣೆಯರ ವಚನಗಳು ಉಳಿದಿವೆ. ಕೂಲಿಯವಳು, ರಾಣಿ, ಸೂಳೆ ಎಂದು ಲೋಕ ಕರೆದ ಸಂಕವ್ವ, ಎಲ್ಲರೂ ಅಲ್ಲಿದ್ದಾರೆ. ಆದ್ದರಿಂದ ಒಂದೇ ಮಾತು ಎರಡು ಬಾಯಿಂದ ಬಂತು. ಲಿಂಗವೇ ಪತಿ ಎಂದು ಬಸವಣ್ಣ ಅಂದರೆ ಅದು ಮೇಲಿನಿಂದ ಕೆಳಗೆ ಇಳಿಯುವ ಮಾತು. ಲಿಂಗವೇ ಪತಿ ಎಂದು ಅಕ್ಕಮಹಾದೇವಿ ಅಂದರೆ ಅದು ಹೊಸ್ತಿಲು ದಾಟಿ ಹೊರಗೆ ಬರುವ ಮಾತು. ಒಬ್ಬರು ಅಧಿಕಾರವನ್ನು ಬಿಟ್ಟುಕೊಟ್ಟರು, ಇನ್ನೊಬ್ಬರು ತಮ್ಮ ಮೇಲಿನ ಅಧಿಕಾರವನ್ನು ಕಿತ್ತೊಗೆದರು.

ನಮ್ಮ ಪಡಸಾಲೆಯಲ್ಲಿ ಮೂರನೆಯ ಬಾಯಿಯೊಂದು ಬಂದು ಸೇರಿತು. ಇಳಿಯಲು ಮನಸ್ಸಿಲ್ಲದ ಗಂಡಸು, ಹೊರಬರಲು ನೋಡುತ್ತಿದ್ದ ಹೆಣ್ಣಿಗೆ ಅದೇ ಮಾತನ್ನು ಹೇಳಿದ. ಸತಿಪತಿ ಭಾವದ ವಚನಗಳು "ನಾನು" ಎಂದು ತೊಡಗುವ ವಚನಗಳು. ನಾನು ಸತಿ, ನನಗೆ ಅವನು ಪತಿ. ಅದನ್ನು "ನೀನು" ಎಂದು ಬದಲಿಸಿ, ನೀನು ಸತಿ, ಇವನೇ ನಿನ್ನ ಪತಿ, ತಗ್ಗಿ ನಡೆ ಎಂದರೆ ಒಂದೇ ಅಕ್ಷರದ ವ್ಯತ್ಯಾಸದಲ್ಲಿ ಅನುಭಾವ ಅಪ್ಪಣೆಯಾಗಿಬಿಡುತ್ತದೆ.

ವಚನದ ಕಟ್ಟಡವನ್ನು ಗಮನಿಸಿದವರಿಗೆ ಇದು ತಿಳಿಯದೆ ಇರದು. ವಚನಕ್ಕೆ ಛಂದಸ್ಸಿನ ಹಂಗಿಲ್ಲ. ಅರಮನೆಯ ಕವಿಗಳು ಕಂದ, ವೃತ್ತಗಳಲ್ಲಿ ಅರಸನನ್ನು ಹೊಗಳಿದ ನಾಡಿನಲ್ಲಿ ಶರಣರು ಆಡುಮಾತಿನ ಲಯವನ್ನೇ ಹಿಡಿದರು. ಆ ಲಯ ಎಲ್ಲರ ಬಾಯಲ್ಲಿಯೂ ಇತ್ತು, ಹೀಗಾಗಿ ಎಲ್ಲರೂ ಆಡಬಹುದಾಯಿತು. ಕೊನೆಯಲ್ಲಿ ಅಂಕಿತ. ವಚನ ಯಾರ ಎದುರಿಗೆ ನಿಂತು ಆಡಿದ್ದು ಎಂಬುದನ್ನು ಅಂಕಿತ ಹೇಳುತ್ತದೆ. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ ಎನ್ನುವಾಗ ಅವರು ತಲೆಬಾಗಿದ ಒಡೆಯ ಯಾರು ಎಂಬುದು ಸ್ಪಷ್ಟವಾಗುತ್ತದೆ. ಅಲ್ಲಿ ಬಿಜ್ಜಳನ ಹೆಸರಿಲ್ಲ, ಕೌಶಿಕನ ಹೆಸರಿಲ್ಲ. ನಮ್ಮ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಂಡೆಯಲ್ಲಿ ನೆನೆಯಲಾಗುವ ಅಂಬಿಗರ ಚೌಡಯ್ಯನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದೇವರ ಹೆಸರಿನ ಜಾಗದಲ್ಲಿ ತಮ್ಮದೇ ಹೆಸರನ್ನು, ತಮ್ಮ ಕಾಯಕದ ಹೆಸರಿನೊಂದಿಗೆ ಇಟ್ಟರು. ಹುಟ್ಟು ಹಾಕುವ ಅಂಬಿಗ ಪಂಡಿತರ ಮುಂದೆ ನಿಂತು ಈ ಮಾತಿಗೆ ನಾನೇ ಹೊಣೆ ಎಂದಂತಾಯಿತು.

ಇಲ್ಲಿ ಒಬ್ಬರು ಎದ್ದು ಕೇಳಬಹುದು: "ಅಕ್ಕೋರ, ಶರಣೆಯರ ಅಂಕಿತದಾಗ ಗಂಡನ ಹೆಸರು ಐತೆಲ್ರಿ?" ಇದೆ. ಸರಿಯಾಗಿ ಓದೋಣ. ಆಯ್ದಕ್ಕಿ ಲಕ್ಕಮ್ಮನವರ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಮಾರಯ್ಯನೇ ಲಿಂಗ ಎಂದು ಇದರ ಅರ್ಥವಲ್ಲ, ಮಾರಯ್ಯನಿಗೆ ಪ್ರಿಯವಾದ ಲಿಂಗ ಎಂದು. ಕಾಳವ್ವೆಯವರ ಅಂಕಿತ ಉರಿಲಿಂಗಪೆದ್ದಿಗಳರಸ, ಅಂದರೆ ನನ್ನ ಗಂಡನಿಗೂ ಒಬ್ಬ ಅರಸನಿದ್ದಾನೆ ಎಂದು. ಗಂಡ ಆ ಅಂಕಿತದೊಳಗೆ ಬಂದದ್ದು ದೇವರಾಗಿ ಅಲ್ಲ, ತನ್ನಂತೆಯೇ ಲಿಂಗಕ್ಕೆ ಒಲಿದ ಇನ್ನೊಬ್ಬ ಭಕ್ತನಾಗಿ. ಹೆಂಡತಿಗೂ ಗಂಡನಿಗೂ ಒಬ್ಬನೇ ಒಡೆಯ ಎಂದು ಸಾರಲು ಇದಕ್ಕಿಂತ ಚಿಕ್ಕದಾದ, ಗಟ್ಟಿಯಾದ ಮಾತನ್ನು ಯಾವ ಕವಿ ಕಟ್ಟಿಯಾನು?

ಆ ಲಕ್ಕಮ್ಮ ಆಡಿದ್ದಾದರೂ ಏನು? ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಡೆದರು. ಆಸೆ ಅರಸರಿಗಿರಲಿ, ನಮಗೇಕೆ, ಹೆಚ್ಚಾದುದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂಬಂತೆ ಗಂಡನಿಗೆ ನೇರವಾಗಿ ಹೇಳಿದರು. ಮಾರಯ್ಯ ಕೈ ಎತ್ತಲಿಲ್ಲ. ಅಕ್ಕಿಯನ್ನು ಹೊತ್ತುಕೊಂಡು ಹಿಂದಿರುಗಿದರು. ಇದು ಶರಣರ ದಾಂಪತ್ಯ. ನಾವು ಮಾರಯ್ಯನವರ ಕಾಯಕವನ್ನು ಭಾಷಣದಲ್ಲಿ ಕೊಂಡಾಡುತ್ತೇವೆ. ಹೆಂಡತಿಯ ಮಾತು ಕೇಳಿ ಹಿಂದಿರುಗಿದ ಮಾರಯ್ಯನವರನ್ನು ಮರೆಯುತ್ತೇವೆ.

ಇನ್ನೊಂದು ಆಕ್ಷೇಪವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ವಚನಗಳಲ್ಲಿ ಗರತಿಯ ಹೋಲಿಕೆ ಬರುತ್ತದೆ, ಗಂಡನಲ್ಲಿ ನಿಷ್ಠೆಯುಳ್ಳವಳ ಹೊಗಳಿಕೆ ಬರುತ್ತದೆ. ನಿಜ. ಶರಣರು ತಮ್ಮ ಕಾಲದ ಬದುಕಿನಿಂದಲೇ ಹೋಲಿಕೆಗಳನ್ನು ಎತ್ತಿಕೊಂಡರು. ಅರಸನ ಆಳಿನ ಹೋಲಿಕೆಯೂ ಇದೆ, ರಣದಲ್ಲಿ ಕಾದುವ ಬಂಟನ ಹೋಲಿಕೆಯೂ ಇದೆ. ಅದರಿಂದ ನಾವು ಅರಸೊತ್ತಿಗೆಯನ್ನು ಮರಳಿ ತರಬೇಕೆಂದು ಯಾರೂ ಹೇಳುವುದಿಲ್ಲ. ಹೋಲಿಕೆಯ ಕೆಲಸ ಭಕ್ತನ ನಿಷ್ಠೆಯನ್ನು ಕಾಣಿಸುವುದು. ಅದನ್ನು ಮನೆಯ ಕಾನೂನು ಮಾಡಿಕೊಂಡದ್ದು ನಾವು. ಗಡ್ಡ ಮೀಸೆ ಬಂದರೆ ಗಂಡು, ಮೊಲೆ ಮುಡಿ ಬಂದರೆ ಹೆಣ್ಣು ಎಂದು ಲೋಕ ಕರೆದರೂ ಒಳಗೆ ಸುಳಿಯುವ ಆತ್ಮಕ್ಕೆ ಆ ಭೇದವಿಲ್ಲ ಎಂಬ ಜೇಡರ ದಾಸಿಮಯ್ಯನವರ ತಿಳಿವನ್ನು ಈ ಕಾನೂನಿನವರು ಎಲ್ಲಿ ಬಚ್ಚಿಡುತ್ತಾರೆ?

ಅಕ್ಕನ ವಚನಗಳಲ್ಲಿ ನನ್ನನ್ನು ಹೆಚ್ಚಾಗಿ ತಡೆದು ನಿಲ್ಲಿಸುವುದು ಅವರು "ಅವ್ವಾ" ಎಂದು ಕರೆದು ಮಾತಾಡುವ ರೀತಿ. ಸಾವಿಲ್ಲದ ಚೆಲುವನಿಗೆ ನಾನು ಒಲಿದೆ, ಸಾಯುವ ಕೆಡುವ ಈ ಲೋಕದ ಗಂಡಂದಿರು ಒಲೆಗೆ ಬೀಳಲಿ ಎಂಬ ಭಾವದ ಮಾತನ್ನು ಅವರು ಹೇಳುವುದು ಒಬ್ಬ ತಾಯಿಯ ಮುಂದೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ರೀತಿ ಹೊಸದಲ್ಲ. ನನ್ನ ಅವ್ವ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ತ್ರಿಪದಿ ಹಾಡುತ್ತಿದ್ದಳು. ಪಡಸಾಲೆಯಲ್ಲಿ ಆಡಲಾಗದ ಮಾತನ್ನು, ಅತ್ತೆಯ ಬಿರುಸನ್ನು, ತವರಿನ ಹಂಬಲವನ್ನು ಕಲ್ಲಿನ ಸಪ್ಪಳದ ಮರೆಯಲ್ಲಿ ಆಡಬಹುದಿತ್ತು. ಹಲಸಂಗಿಯ ಗೆಳೆಯರು 1931ರಲ್ಲಿ "ಗರತಿಯ ಹಾಡು" ಎಂದು ಅಚ್ಚು ಹಾಕಿಸಿದ್ದು ಇಂಥ ಹಾಡುಗಳನ್ನೇ. ಅಕ್ಕ ಆ ಮಾತನ್ನು ಕಲ್ಲಿನ ಮರೆಯಿಂದ ಹೊರಗೆ ತಂದು ಅನುಭವ ಮಂಟಪದ ನಡುವೆ ನಿಲ್ಲಿಸಿದರು.

ಆ ಮಂಟಪದಲ್ಲಿಯೂ ಅಕ್ಕನನ್ನು ಸುಮ್ಮನೆ ಒಳಗೆ ಬಿಡಲಿಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ನಿನ್ನ ಗಂಡನಾರು ಎಂದು ಕೇಳುತ್ತಾರೆ, ಕೂದಲಿನಿಂದ ಮೈ ಮರೆಮಾಡಿದ್ದೇಕೆ ಎಂದು ಕೆಣಕುತ್ತಾರೆ. ಆದರೆ ಕೇಳಿದ ಮೇಲೆ ಉತ್ತರಕ್ಕೆ ಕಾದರು. ಅಕ್ಕ ಉತ್ತರ ಕೊಟ್ಟರು. ಮಂಟಪ ಆ ಉತ್ತರಕ್ಕೆ ತಲೆಬಾಗಿತು. ನಮ್ಮ ಪಡಸಾಲೆಯಲ್ಲಿ ಹುಡುಗಿ ಕೇಳದೆಯೇ ಎರಡು ಮಾತು ಆಡಿದ್ದಳು. ಅವುಗಳಿಗೆ ಉತ್ತರ ಬರಲಿಲ್ಲ, ಬಂದದ್ದು ಶರಣರ ಹೆಸರಿನಲ್ಲಿ ಬಾಯಿಗೆ ಬೀಗ. ಹರಿಹರನ ಮಹಾದೇವಿಯಕ್ಕನ ರಗಳೆಯಲ್ಲಿ ಅಕ್ಕ ಕೌಶಿಕನಿಗೆ ಷರತ್ತು ಹಾಕಿ ಮದುವೆಯಾಗುತ್ತಾಳೆ, ಅವನು ಮೀರಿದಾಗ ಹೊರಟುಹೋಗುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ಆಗುವುದಿಲ್ಲ. ಅಕ್ಕನಿಗೆ ಮದುವೆಯಾಗಿತ್ತೋ ಇಲ್ಲವೋ ಎಂದು ನಮ್ಮ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ಷರತ್ತು ಹಾಕುವ ಹಕ್ಕು ಹೆಣ್ಣಿಗಿದೆ ಎಂದು ನಮ್ಮ ಕವಿಯೇ ಹಾಡಿದ್ದಾನಲ್ಲ, ಆ ಹಕ್ಕನ್ನು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಕೊಟ್ಟೆವೇ ಎಂದು ಎಷ್ಟು ಜನ ಬರೆದರು?

ಒಂದು ವಿಷಯ ನೆನಪಿಸುತ್ತೇನೆ. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿದ ಪುಸ್ತಕವೊಂದನ್ನು ಸರಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಆ ಕ್ರಮವೇ ಉಳಿಯಿತು. ಅಂಕಿತ ಬದಲಾದರೆ ವಚನ ಕೆಟ್ಟಿತೆಂದು ನಮ್ಮ ಸಮಾಜ ಅಷ್ಟು ವರ್ಷ ಕಾದಾಡಿತು. ಪತಿಯ ಜಾಗದಲ್ಲಿ ಲಿಂಗವನ್ನು ತೆಗೆದು ಗಂಡನನ್ನು ಕೂಡ್ರಿಸುವುದೂ ಅಂಕಿತ ಬದಲಿಸಿದಂತೆಯೇ ಅಲ್ಲವೇ? ಇದು ಪುಸ್ತಕದಲ್ಲಿ ನಡೆಯುವುದಿಲ್ಲ, ಮದುವೆಯ ಚಪ್ಪರದಲ್ಲಿ, ಪಂಚಾಯ್ತಿಯಲ್ಲಿ, ಶ್ರಾವಣದ ಪ್ರವಚನದಲ್ಲಿ ಪ್ರತಿವರ್ಷ ನಡೆಯುತ್ತದೆ. ಇದಕ್ಕೆ ಯಾವ ಮುಟ್ಟುಗೋಲೂ ಇಲ್ಲ.

ನಮ್ಮೂರು ಮೈಲಾರ ಮಹಾದೇವಪ್ಪನವರ ಊರು. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಕೊಟ್ಟವರು. ಅವರ ಪತ್ನಿ ಸಿದ್ದಮ್ಮನವರೂ ಸ್ವಾತಂತ್ರ್ಯದ ಹೋರಾಟಕ್ಕೆ ಇಳಿದವರೇ. ಇಂಥ ಊರಿನಲ್ಲಿ ಹೆಣ್ಣುಮಗಳ ಎರಡು ಮಾತು ಕೇಳುವಷ್ಟು ತಾಳ್ಮೆ ನಮಗಿಲ್ಲದೆ ಹೋಯಿತು.

ಪೂಜ್ಯರಲ್ಲಿ, ಮಠಗಳ ಆಡಳಿತದವರಲ್ಲಿ, ಪ್ರವಚನಕಾರರಲ್ಲಿ ನನ್ನ ಬಿನ್ನಹ ಮೂರು.

ಮೊದಲನೆಯದು, ವಚನ ಹೇಳುವಾಗ ಅದನ್ನು ಆಡಿದವರು ಯಾರು, ಯಾರ ಮುಂದೆ ಆಡಿದರು ಎಂಬುದನ್ನು ತಪ್ಪದೆ ಹೇಳಿರಿ. ಅಷ್ಟು ಹೇಳಿದರೆ ಅರ್ಧ ಅಪವ್ಯಾಖ್ಯಾನ ತಾನಾಗಿಯೇ ಉದುರುತ್ತದೆ.

ಎರಡನೆಯದು, ಮದುವೆಯಲ್ಲಿ ಶರಣಸತಿ ಲಿಂಗಪತಿ ತತ್ತ್ವವನ್ನು ಬೋಧಿಸುವುದಾದರೆ ಮದುಮಗನಿಗೆ ಬೋಧಿಸಿರಿ. ನೀನೂ ಸತಿ ಎಂಬ ಮಾತು ಮೊದಲು ಕೇಳಬೇಕಾದುದು ಅವನ ಕಿವಿಗೆ.

ಮೂರನೆಯದು ನಮ್ಮ ಸಭೆಗಳ ರೀತಿ. ಅಕ್ಕನ ಬಳಗದ ತಾಯಂದಿರನ್ನು ಪ್ರಾರ್ಥನೆಗೆ ಕರೆಯುತ್ತೀರಿ. ಅವರು ಅಕ್ಕನ ವಚನ ಹಾಡಿ ವೇದಿಕೆಯಿಂದ ಇಳಿಯುತ್ತಾರೆ. ಆಮೇಲೆ ಗಂಡಸರೊಬ್ಬರು ಎದ್ದು ಅದರ ಅರ್ಥವನ್ನು ಒಂದು ತಾಸು ಹೇಳುತ್ತಾರೆ. ಹಾಡುವುದು ಹೆಣ್ಣಿನ ಪಾಲಿಗೆ, ಅರ್ಥ ಹೇಳುವುದು ಗಂಡಿನ ಪಾಲಿಗೆ ಎಂದು ಹಂಚಿದವರು ಯಾರು? ಸರಕಾರ ಹೊರತಂದ ಸಮಗ್ರ ವಚನ ಸಂಪುಟಗಳು 15. ಅವುಗಳಲ್ಲಿ ಐದನೆಯದು ಶಿವಶರಣೆಯರದೇ. ಆ ಒಂದು ಸಂಪುಟವನ್ನು ಒಂದು ಶ್ರಾವಣವಿಡೀ ಓದಿಸಿರಿ. ಓದುವವರೂ ಅರ್ಥ ಹೇಳುವವರೂ ಹೆಣ್ಣುಮಕ್ಕಳೇ ಇರಲಿ. ಗಂಡಸರು ಮುಂದಿನ ಸಾಲಿನಲ್ಲಿ ಕುಳಿತು ಕೇಳಲಿ.

ಕೊನೆಗೆ ನನ್ನ ಲೆಕ್ಕ. ಈ ಬರಹವನ್ನು ಕಳಿಸುವ ಮುನ್ನ ಆ ಹಿರಿಯರ ಮನೆಗೆ ಹೋಗಿ ಇದೆಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಬಹಳ ಹೊತ್ತು ನೆಲ ನೋಡುತ್ತ ಕುಳಿತರು. ಆಮೇಲೆ ಅಂದರು: "ನನಗ ಇಷ್ಟ ತಿಳಿದಿದ್ದಿಲ್ರಿ ಅಕ್ಕೋರ. ನಿಮಗ ತಿಳಿದಿತ್ತು. ನೀವ ಅವತ್ತ ಹೇಳಬೇಕಿತ್ತು."

ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗಿ ಈಗ ಮತ್ತೆ ತವರಿನಲ್ಲಿದ್ದಾಳೆ. ಈ ಸಲ ಪಂಚಾಯ್ತಿ ಕೂಡಿದರೆ ಬಾಗಿಲ ಮರೆಯಲ್ಲಿ ಅವಳನ್ನು ನಿಲ್ಲಿಸಗೊಡುವುದಿಲ್ಲ. ನಡುವೆ, ನನ್ನ ಮಗ್ಗುಲಲ್ಲಿ ಕೂಡ್ರಿಸಿಕೊಳ್ಳುತ್ತೇನೆ. ಅವಳ ಎರಡು ಮಾತಿಗೆ ಉತ್ತರ ಬರುವವರೆಗೆ ಯಾರೂ ವಚನ ಎತ್ತಬಾರದು ಎಂದು ಮೊದಲೇ ಹೇಳುತ್ತೇನೆ.